ಆಯುಧಪೂಜೆಗೆ ಹಾಕಿಸೋಣ ಎನ್ನುವವರಿಗೆ

"ಈ ಮಳೆಗಾಲ ಒಂದು ಕಳೀಲಿ, ಆಯುಧಪೂಜೆಗೆ ಹೊಸ ಟೈರ್ ಹಾಕಿಸಿದ್ರಾಯ್ತು."

ಸಕಲೇಶಪುರದ ಪಂಕ್ಚರ್ ಅಂಗಡಿಯೊಂದರಲ್ಲಿ ಈ ಮಾತು ಕೇಳಿದಾಗ ಹೊರಗೆ ಜಡಿಮಳೆ. ಹಾಗೆಂದವರ ಕಾರು ಶಿರಾಡಿ ಘಾಟಿ ಇಳಿಯಬೇಕಿತ್ತು. ಒಳಗೆ ಇಬ್ಬರು ಮಕ್ಕಳು ನಿದ್ದೆ ಹೋಗಿದ್ದರು. ಬಿಚ್ಚಿದ ಚಕ್ರವನ್ನು ಹುಡುಗ ಮಗುಚಿ ಒಳ ಅಂಚಿನ ಮೇಲೆ ಬೆರಳಾಡಿಸಿದ. ಗ್ರಿಪ್ ಪೂರ್ತಿ ಸವೆದು ನುಣ್ಣಗಾಗಿತ್ತು. ಮಾಲೀಕರು ಬಗ್ಗಿ ನೋಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಮಳೆಗೆ ಬೇಕಾದುದನ್ನು ಮಳೆ ಮುಗಿದ ಮೇಲೆ ಕೊಳ್ಳುವುದು ಯಾವ ಲೆಕ್ಕ? ಒಣ ರಸ್ತೆಯಲ್ಲಿ ಸವೆದ ಟೈರೂ ಹಿಡಿದು ನಿಲ್ಲುತ್ತದೆ. ಬೇಸಿಗೆಯಿಡೀ ಏನೂ ಆಗಲಿಲ್ಲವೆಂಬ ಧೈರ್ಯ ಹುಟ್ಟುವುದು ಅಲ್ಲಿಂದಲೇ. ಟೈರಿನ ಗೀರುಗಳು ಚಂದಕ್ಕಲ್ಲ, ಚಕ್ರದಡಿಯ ನೀರನ್ನು ಹೊರಹಾಕುವ ಕಾಲುವೆಗಳು. ಅವು ಸವೆದರೆ ನೀರಿಗೆ ದಾರಿಯಿಲ್ಲ. ವೇಗದಲ್ಲಿ ಟೈರು ರಸ್ತೆ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಗಾಡಿ ಮಾತು ಕೇಳುವುದಿಲ್ಲ. ಎಬಿಎಸ್ ಇದೆಯಲ್ಲ ಎನ್ನಬೇಡಿ. ಒಂದೊಂದು ಟೈರಿನಲ್ಲೂ ರಸ್ತೆಗೆ ತಾಗುವುದು ಹೆಚ್ಚುಕಡಿಮೆ ಅಂಗೈಯಗಲದ ರಬ್ಬರು. ಅದೇ ಹಿಡಿಯದಿದ್ದರೆ ಎಬಿಎಸ್ ಏನು ಮಾಡೀತು?

ಕಾರಿನ ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು, ಬೈಕಿನದು 0.8 ಎನ್ನುತ್ತದೆ ಕಾನೂನು. ಅದು ಕಟ್ಟಕಡೆಯ ಗಡಿ. ಅಲ್ಲಿವರೆಗೆ ಓಡಿಸಿ ಎಂದು ಯಾರೂ ಹೇಳಿಲ್ಲ. ಆ ಗಡಿ ಮುಟ್ಟುವ ಮೊದಲೇ ಒದ್ದೆ ರಸ್ತೆಯ ಹಿಡಿತ ಸಾಕಷ್ಟು ಹೋಗಿರುತ್ತದೆ.

ಇನ್ನು, ಮಳೆಯಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆಂದು ಊರಿಗೆಲ್ಲ ಉಪದೇಶಿಸುವವರಿದ್ದಾರೆ. ಡಾಂಬರು ರಸ್ತೆಯಲ್ಲಿ ಇದು ಅಪಾಯದ ಮಾತು. ಗಾಳಿ ಕಡಿಮೆಯಾದಷ್ಟೂ ಟೈರು ಕಡಿಮೆ ವೇಗದಲ್ಲೇ ತೇಲುತ್ತದೆ. ಎಷ್ಟು ಗಾಳಿ ಬೇಕೆಂದು ಹೆಚ್ಚಿನ ಕಾರುಗಳಲ್ಲಿ ಚಾಲಕನ ಬಾಗಿಲ ಬಳಿಯ ಸ್ಟಿಕ್ಕರಿನಲ್ಲೇ ಬರೆದಿದೆ. ಕೊಂಡ ದಿನದಿಂದ ಎಷ್ಟು ಜನ ಓದಿದ್ದೀರಿ?

"ಹೆಚ್ಚು ಓಡಿಲ್ಲ, ಹೊಸದರ ಹಾಗೇ ಇದೆ" ಎನ್ನುವವರು ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಲಿ. 2316 ಎಂದಿದ್ದರೆ 2016ರ 23ನೇ ವಾರ ತಯಾರಾದದ್ದು. ನಿಂತಲ್ಲೇ ರಬ್ಬರು ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಮೇಲೆ ಗ್ರಿಪ್ ಕಂಡ ಮಾತ್ರಕ್ಕೆ ಅದು ಹೊಸದಲ್ಲ.

ಪೂಜೆಯ ದಿನ ನಾಲ್ಕೂ ಚಕ್ರದಡಿ ನಿಂಬೆಹಣ್ಣಿಡಲು ನೆಲದವರೆಗೆ ಬಗ್ಗುತ್ತೀರಿ. ಮೇ ತಿಂಗಳ ಕೊನೆಯಲ್ಲೊಮ್ಮೆ ಹಾಗೇ ಬಗ್ಗಿ, ಒಳ ಅಂಚಿನವರೆಗೂ ಕೈಯಾಡಿಸಿ ನೋಡಲು ಏನು ಕಷ್ಟ?