ಉಲ್ಲೇಖ ಎಣಿಸಿದ್ದು ಸಾಕು, ಉಸ್ತುವಾರಿಗೂ ದುಡ್ಡು ಕೊಡಿ

ವಿಜ್ಞಾನಿ ದೊಡ್ಡವರೋ ಸಣ್ಣವರೋ ಎಂದು ಈಗ ಅಳೆಯುವುದು ಹೇಗೆ ಗೊತ್ತಾ? ಅವರ ಪ್ರಬಂಧವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಎಂಬ ಲೆಕ್ಕದಿಂದ. ಈ ಲೆಕ್ಕ ಅರ್ಧ ಸತ್ಯ ಅಷ್ಟೇ.

ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. ದೇಹದ ಪ್ರೋಟೀನುಗಳು ಒಂಟಿಯಾಗಿ ದುಡಿಯುವುದು ಕಡಿಮೆ, ಒಂದಕ್ಕೊಂದು ಕೂಡಿಕೊಂಡೇ ಕೆಲಸ ಮಾಡುತ್ತವೆ. ಯಾವುದು ಯಾವುದರ ಜೊತೆ ಎಂದು ತಿಳಿದರೆ ರೋಗದ ಸುಳಿವು ಸಿಗುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಅಖಿಲೇಶ್ ಪಾಂಡೆ ತಂಡ, ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸೇರಿ 2003ರಲ್ಲಿ ಎಚ್‌ಪಿಆರ್‌ಡಿ ಎಂಬ ಡೇಟಾಬೇಸ್ ಪ್ರಕಟಿಸಿದವು. ಜೀವವಿಜ್ಞಾನ ಓದಿದವರು ಪ್ರಬಂಧಗಳನ್ನು ಒಂದೊಂದಾಗಿ ಓದಿ ಕೈಯಾರೆ ತುಂಬಿದ ಮಾಹಿತಿ ಅದು. 2009ರ ಹೊತ್ತಿಗೆ ಅದರಲ್ಲಿ 38 ಸಾವಿರಕ್ಕೂ ಹೆಚ್ಚು ಇಂಥ ಸಂಬಂಧಗಳಿದ್ದವು. ಜಗತ್ತಿನ ಸಂಶೋಧಕರು ಸಾವಿರಾರು ಸಲ ಅದನ್ನು ಉಲ್ಲೇಖಿಸಿದರು.

ಆದರೆ 2010ರ ಬಳಿಕ ಹೊಸ ಆವೃತ್ತಿ ಬರಲಿಲ್ಲ. ಉಲ್ಲೇಖ ಮಾತ್ರ ನಿಲ್ಲಲಿಲ್ಲ!

ಖಾತೆ ಬದಲಾವಣೆ ಆಗದ ಪಹಣಿಯನ್ನು ಎಷ್ಟು ಜನ ನಕಲು ತೆಗೆಸಿದರೇನು? ಜಮೀನು ಈಗ ಯಾರದು ಅಂತ ಅದು ಹೇಳೀತೇ? ಡೇಟಾಬೇಸಿನ ಕಥೆಯೂ ಅಷ್ಟೇ. ಉಲ್ಲೇಖದ ಸಂಖ್ಯೆ ನಿನ್ನೆಯ ದುಡಿಮೆಗೆ ಸಾಕ್ಷಿ, ಮಾಹಿತಿ ಇವತ್ತಿಗೂ ಸರಿ ಇದೆ ಅನ್ನುವುದಕ್ಕಲ್ಲ.

ಅನುದಾನ ಕೊಡುವವರು ಹೊಸದು ಕಟ್ಟಿದವರನ್ನಷ್ಟೇ ನೋಡಿದರೆ ಸಾಲದು. ಕಟ್ಟಿದ್ದನ್ನು ವರ್ಷವರ್ಷ ತಿದ್ದಿ ಉಳಿಸುವವರಿಗೂ ಸಂಬಳ ಕೊಡಲಿ. ಅದು ನಮ್ಮ ತೆರಿಗೆ ದುಡ್ಡು, ಕೇಳುವ ಹಕ್ಕು ನಮಗಿದೆ.