ಬಂಗಾರದ ಮೊಳೆಯೂ ಬೆವರಿನ ಲೆಕ್ಕವೂ

ಅಮೇರಿಕೆಯ ಪೂರ್ವಪಶ್ಚಿಮಗಳನ್ನು ರೈಲುಹಾದಿಯಿಂದ ಬೆಸೆದ ಕೀರ್ತಿಯು ಯಾರದು? 1869ನೆಯ ಇಸವಿಯ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಬಂಗಾರದ ಮೊಳೆಯನ್ನು ಬಡಿದ ಲೀಲೆಂಡ್ ಸ್ಟ್ಯಾನ್‌ಫರ್ಡನದೆಂದು ಹೊಗಳುವವರುಂಟು. ಸಾಕ್ಷ್ಯವು ಬೇರೆಯೇ ನುಡಿಯುತ್ತದೆ. ಅವನ ಸೆಂಟ್ರಲ್ ಪೆಸಿಫಿಕ್ ಕಂಪನಿಗೆ ಸರಕಾರವು ಭೂಮಿಯನ್ನು ಧಾರೆಯೆರೆದು ಸಾಲವನ್ನೂ ಒದಗಿಸಿತು. ಸಿಯೆರಾ ನೆವಾಡಾದ ಕಗ್ಗಲ್ಲನ್ನು ಸುತ್ತಿಗೆ, ಉಳಿ, ಸಿಡಿಮದ್ದುಗಳಿಂದ ಕೊರೆದವರೋ ಬಹುಪಾಲು ಚೀನದ ಕೂಲಿಕಾರರು.

ಕೂಲಿ ಕೊಟ್ಟರಲ್ಲವೇ ಎಂದು ಪ್ರತಿವಾದಿಗಳು ಕೇಳಿಯಾರು. ಬಿಳಿಯ ಆಳಿಗೆ ಸಂಬಳದ ಮೇಲೆ ಊಟವೂ ದೊರೆಯುತ್ತಿತ್ತು. ಚೀನೀಯನು ತನ್ನ ಊಟವನ್ನು ತಾನೇ ಕೊಳ್ಳಬೇಕಿತ್ತು. 1867ರ ಜೂನಿನಲ್ಲಿ ಸಾವಿರಾರು ಚೀನೀಯರು ಸಮವೇತನವನ್ನು ಬೇಡಿ ಕೆಲಸ ನಿಲ್ಲಿಸಿದರು. ಚಾರ್ಲ್ಸ್ ಕ್ರಾಕರನು ಅನ್ನಸಾಮಗ್ರಿಯನ್ನೇ ತಡೆದು, ಸುಮಾರು ಒಂದು ವಾರದಲ್ಲಿ ಅವರನ್ನು ಮಣಿಸಿದನು. 1882ರಲ್ಲಿ ಚೀನದ ಕೂಲಿಕಾರರು ದೇಶದೊಳಗೆ ಬರಕೂಡದೆಂಬ ಶಾಸನವೇ ಹುಟ್ಟಿತು. ಅದು ರದ್ದಾದುದು 1943ರಲ್ಲಿ!

ಯಂತ್ರವನ್ನು ನಾವು ಹಳಿಯುವುದಿಲ್ಲ. ಆರು ತಿಂಗಳ ಪ್ರಯಾಣವನ್ನು ಅದು ಒಂದು ವಾರಕ್ಕಿಳಿಸಿದುದು ನಿಜ. ಆದರೆ ಹಾದಿ ಬೇಕು, ಹಾದಿ ಹಾಕಿದವನು ಬೇಡವೆಂಬುದು ನಾಗರಿಕತೆಯಲ್ಲ, ಕೃತಘ್ನತೆ. ಉಪಾಧ್ಯಾಯ ಮಹಾಶಯರೇ, ಮಕ್ಕಳಿಗೆ ಬಂಗಾರದ ಮೊಳೆಯ ಕಥೆಯನ್ನು ಹೇಳುವಾಗ ಬಂಡೆಯೊಡೆದ ಕೈಗಳ ಕಥೆಯನ್ನೂ ತಪ್ಪದೆ ಹೇಳಿರಿ.