60 ಕಾರ್ಡು, 4 ಸೋಲು

ಆ ಭಾನುವಾರ ಬೆಳಿಗ್ಗೆ ಶಂಕರಪುರಂನಿಂದ ಬಸ್ ಹತ್ತಿದಾಗ ನನ್ನ ಬ್ಯಾಗಿನಲ್ಲಿ ಇದ್ದದ್ದು ಒಂದು ನೀರಿನ ಬಾಟಲಿ, ಅಮ್ಮ ಕಟ್ಟಿಕೊಟ್ಟ ಚಪಾತಿ-ಪಲ್ಯ ಮತ್ತು 60 ಪೋಕೆಮಾನ್ ಕಾರ್ಡುಗಳು. ಊರಿನ ಇನ್ನೊಂದು ತುದಿಯ ಅಂಗಡಿಯೊಂದರಲ್ಲಿ ಸಣ್ಣ ಟೂರ್ನಿ ಇತ್ತು. ಮನೆಯಲ್ಲಿ ಚಿಕ್ಕಮ್ಮನ ಮಗನನ್ನೂ ಪಕ್ಕದ ರಸ್ತೆಯ ಗೆಳೆಯನನ್ನೂ ಸೋಲಿಸಿ ಸೋಲಿಸಿ, ನಾನೂ ಒಬ್ಬ ಆಟಗಾರ ಅನ್ನುವ ಭ್ರಮೆ ಬಂದುಬಿಟ್ಟಿತ್ತು.

ನಾಲ್ಕು ಸುತ್ತು ಆಡಿದೆ. ನಾಲ್ಕರಲ್ಲೂ ಸೋತೆ.

ಇಂಥ ಟೂರ್ನಿಗಳಲ್ಲಿ ಸೋತವರನ್ನು ಹೊರಗೆ ಕಳಿಸುವುದಿಲ್ಲ. ಗೆದ್ದವರಿಗೆ ಗೆದ್ದವರನ್ನು, ಸೋತವರಿಗೆ ಸೋತವರನ್ನು ಜೋಡಿ ಮಾಡುತ್ತಾ ಹೋಗುತ್ತಾರೆ. ಅಂದರೆ ಕೊನೆಯ ಸುತ್ತಿನಲ್ಲಿ ನನ್ನನ್ನು ಸೋಲಿಸಿದವನು ಅವತ್ತು ಅಲ್ಲಿಯವರೆಗೆ ಒಂದೂ ಆಟ ಗೆಲ್ಲದವನು! ಎಂಟನೇ ಕ್ಲಾಸಿನ ಹುಡುಗ. ಆಟ ಮುಗಿದ ಮೇಲೆ ನನ್ನ ಕಾರ್ಡುಗಳನ್ನು ಒಮ್ಮೆ ತಿರುವಿಹಾಕಿ, ತುಂಬಾ ಮರ್ಯಾದೆಯಿಂದಲೇ ಕೇಳಿದ: 'ಅಣ್ಣಾ, ನಿಮ್ಮ ಡೆಕ್‌ನಲ್ಲಿ ಎಲ್ಲಾ ಒಂದೊಂದೇ ಇದೆಯಲ್ಲ, ಯಾಕೆ?'

ಈ ಲೇಖನ ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ.

ಡಬ್ಬಿಯಲ್ಲಿ ಬಂದ ಡೆಕ್ಕು

ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಚಿಕ್ಕವರಿದ್ದಾಗ ಡಬ್ಲ್ಯೂಡಬ್ಲ್ಯೂಇ ಟ್ರಂಪ್ ಕಾರ್ಡು, ಕ್ರಿಕೆಟ್ ಅಟ್ಯಾಕ್ಸ್ ಆಡುತ್ತಿದ್ದೆವಲ್ಲ, ಅದರಲ್ಲಿ ಬಂದ ಕಾರ್ಡನ್ನು ಹಿಡಿದು ಅಂಕಿ ಹೋಲಿಸಿದರೆ ಮುಗಿಯಿತು. ಟ್ರೇಡಿಂಗ್ ಕಾರ್ಡ್ ಗೇಮ್ ಹಾಗಲ್ಲ. ಸಾವಿರಾರು ಕಾರ್ಡುಗಳಿಂದ ನಿಮಗೆ ಬೇಕಾದ್ದನ್ನು ಆರಿಸಿ ನಿಮ್ಮದೇ ಡೆಕ್ ಕಟ್ಟಿಕೊಂಡು ಬರಬೇಕು. ಈ ಬಗೆಯ ಆಟಕ್ಕೆ ದಾರಿ ಮಾಡಿಕೊಟ್ಟ 'ಮ್ಯಾಜಿಕ್: ದಿ ಗ್ಯಾದರಿಂಗ್' 1993ರಲ್ಲಿ ಬಂತು. ಅದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಪಿಎಚ್.ಡಿ. ಮಾಡಿದವರು. ಪೋಕೆಮಾನ್ ಕಾರ್ಡುಗಳು ಜಪಾನಿನಲ್ಲಿ ಬಂದದ್ದು 1996ರಲ್ಲಿ.

ಪೋಕೆಮಾನ್‌ನಲ್ಲಿ ಡೆಕ್ ಅಂದರೆ ಸರಿಯಾಗಿ 60 ಕಾರ್ಡು. ಮೂಲ ಎನರ್ಜಿ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಮೊದಲು ಏಳು ಕಾರ್ಡು ಕೈಗೆ ಬರುತ್ತವೆ. ಆರು ಕಾರ್ಡುಗಳನ್ನು ಬಹುಮಾನವೆಂದು ಮಗುಚಿ ಪಕ್ಕಕ್ಕಿಡುತ್ತೇವೆ. ಎದುರಾಳಿಯ ಪೋಕೆಮಾನ್‌ಗಳನ್ನು ಹೊಡೆದು ನಮ್ಮ ಆರು ಬಹುಮಾನಗಳನ್ನು ಮೊದಲು ತೆಗೆದುಕೊಂಡವರು ಸಾಮಾನ್ಯವಾಗಿ ಗೆಲ್ಲುತ್ತಾರೆ. ಫೋನಿನಲ್ಲಿ ಆಡುವ 'ಪಾಕೆಟ್' ಆಟ ಬೇರೆ; ಅದರ ಡೆಕ್‌ಗೆ 20 ಕಾರ್ಡು ಸಾಕು.

ಹೊಸಬರಿಗೆಂದು ಡಬ್ಬಿಯಲ್ಲಿ 60 ಕಾರ್ಡುಗಳ ಸಿದ್ಧ ಡೆಕ್ ಸಿಗುತ್ತದೆ. ನನ್ನ ಶುರುವೂ ಅದರಿಂದಲೇ. ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅದು ಆಟ ಕಲಿಸುವುದಕ್ಕೆ ಮಾಡಿದ್ದು, ಆದ್ದರಿಂದ ಎಲ್ಲದರ ರುಚಿ ಸ್ವಲ್ಪ ಸ್ವಲ್ಪ ತೋರಿಸುತ್ತದೆ. ಇದು ಎರಡು, ಅದು ಒಂದು, ಜೊತೆಗೆ ಕೈತುಂಬಾ ಎನರ್ಜಿ. ನಾನು ಮಾಡಿದ ತಪ್ಪೆಂದರೆ, ಆ ಡಬ್ಬಿಗೆ ಇನ್ನಷ್ಟು 'ಒಂದೊಂದು' ಸೇರಿಸುತ್ತಾ ಹೋದದ್ದು. ಪ್ಯಾಕ್‌ನಲ್ಲಿ ಚಾರಿಜಾರ್ಡ್ ಸಿಕ್ಕಿತೇ, ಒಳಗೆ ಹಾಕು. ಚೆಂದದ ಡ್ರ್ಯಾಗನ್ ಸಿಕ್ಕಿತೇ, ಅದೂ ಇರಲಿ. ಮದುವೆ ಮನೆಯ ಎಲೆಯ ಹಾಗೆ ಎಲ್ಲವೂ ಇತ್ತು, ಹೊಟ್ಟೆ ತುಂಬುವಷ್ಟು ಯಾವುದೂ ಇರಲಿಲ್ಲ.

ಆ ಹುಡುಗನ ಪ್ರಶ್ನೆ ಕೇಳಿಸಿಕೊಂಡು ಮನೆಗೆ ಬಂದವನು ಪಿಯುಸಿಯಲ್ಲಿ ಓದಿದ ಸಂಭವನೀಯತೆಯನ್ನು ಮತ್ತೆ ತೆರೆದೆ. 60ರಲ್ಲಿ ಒಂದೇ ಇರುವ ಕಾರ್ಡು ಮೊದಲ ಏಳರಲ್ಲಿ ಬರುವ ಸಾಧ್ಯತೆ ಶೇ 12ರಷ್ಟು. ಎರಡಿದ್ದರೆ ಶೇ 22. ನಾಲ್ಕಿದ್ದರೆ ಶೇ 40. ಇನ್ನೊಂದು ಲೆಕ್ಕ ಇದಕ್ಕಿಂತ ಕಹಿ: ಒಂದೇ ಇರುವ ಕಾರ್ಡು ಹತ್ತು ಆಟಗಳಲ್ಲಿ ಒಂದು ಆಟದಲ್ಲಿ ಆ ಆರು ಬಹುಮಾನಗಳ ನಡುವೆಯೇ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ನಂಬಿ ಕೂತವನು ಆಟ ಶುರುವಾಗುವ ಮೊದಲೇ ಅರ್ಧ ಸೋತಿರುತ್ತಾನೆ. ನಾನು ಇಷ್ಟು ದಿನ 'ಲಕ್ ಸರಿ ಇಲ್ಲ' ಅಂದುಕೊಂಡದ್ದರ ನಿಜವಾದ ಹೆಸರು ಇದು.

ಹಾಗಾಗಿ ಹೊಸಬರಿಗೆ ನನ್ನ ಮೊದಲ ಮಾತು: ಸ್ಪರ್ಧೆಗೆ ಇಳಿಯುವುದೆಂದರೆ ಡೆಕ್‌ಗೆ ಒಳ್ಳೆಯ ಕಾರ್ಡು ಸೇರಿಸುವುದು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅದಕ್ಕಿಂತ ಮೊದಲು ಬರುವ ಕೆಲಸ ತೆಗೆದುಹಾಕುವುದು. 'ಈ ಡೆಕ್ ಗೆಲ್ಲುವುದು ಹೇಗೆ' ಅನ್ನುವುದನ್ನು ಒಂದೇ ವಾಕ್ಯದಲ್ಲಿ ಹೇಳಲು ಆಗಬೇಕು. ಆ ವಾಕ್ಯಕ್ಕೆ ಸಹಾಯ ಮಾಡದ ಕಾರ್ಡು ಎಷ್ಟೇ ಹೊಳೆದರೂ ಆಲ್ಬಮ್ಮಿಗೆ ಹೋಗಬೇಕು. ಉಳಿದ ಜಾಗಕ್ಕೆ ಬೇಕಾದ ಕಾರ್ಡನ್ನು ಹುಡುಕಿ ತರುವ, ಹೊಸ ಕಾರ್ಡು ಎಳೆದುಕೊಡುವ ಟ್ರೈನರ್ ಕಾರ್ಡುಗಳು ಬರಬೇಕು. ಟೂರ್ನಿಗಳಲ್ಲಿ ಗೆಲ್ಲುವ ಎಷ್ಟೋ ಡೆಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಟ್ರೈನರ್‌ಗಳೇ ಇರುತ್ತವೆ. ನನ್ನ ಡೆಕ್‌ನಲ್ಲಿ 18 ಎನರ್ಜಿ ಇದ್ದವು. ಈಗ ಒಂಬತ್ತು ಸಾಕಾಗುತ್ತಿದೆ.

ಅಪ್ಪ ಹೇಳಿದ್ದು ಅರ್ಧ ಸರಿ

ಇನ್ನು ದುಡ್ಡಿನ ವಿಷಯ. ಡಿಗ್ರಿ ಮುಗಿಸಿ ಒಂದು ವರ್ಷದಿಂದ ಕೆಲಸ ಹುಡುಕುತ್ತಿರುವವನು ನಾನು. ಟ್ಯೂಷನ್ ಹೇಳಿ ಬಂದ ಹಣದಲ್ಲಿ ಮೂರು ತಿಂಗಳಿಗೆ ಸುಮಾರು ಆರು ಸಾವಿರ ರೂಪಾಯಿಯ ಪ್ಯಾಕ್‌ಗಳನ್ನು ಹರಿದಿದ್ದೆ. ಗೆಳೆಯನೂ ನಾನೂ ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಆಡುತ್ತಿದ್ದರೆ, ವಾಕಿಂಗ್ ಬಂದ ಹಿರಿಯರು 'ಏನ್ರಪ್ಪಾ, ರಮ್ಮಿನಾ?' ಅಂತ ಕೇಳಿ ಹೋಗುತ್ತಿದ್ದರು. ಮನೆಯಲ್ಲಿ ಅಪ್ಪ ನೇರವಾಗಿಯೇ ಅಂದರು: 'ಕೆಲಸ ಹುಡುಕೋ ವಯಸ್ಸಿನಲ್ಲಿ ಇಸ್ಪೀಟು ಹಿಡ್ಕೊಂಡು ಕೂತಿದ್ದೀಯಲ್ಲೋ.'

ನಾನು ಜೋರಾಗಿಯೇ ವಾದಿಸಿದೆ. ಇದರಲ್ಲಿ ಪಣವಿಲ್ಲ, ಇದು ಜೂಜಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಕಾನೂನು ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಇದು ಮೇಜಿನ ಮೇಲೆ ಬುದ್ಧಿಯಿಂದ ಆಡುವ ಆಟ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೇ ಗಂಜೀಫಾ ಎಲೆಗಳ ಆಟಗಳಿಗೆ 'ಶ್ರೀತತ್ತ್ವನಿಧಿ'ಯಲ್ಲಿ ಜಾಗ ಕೊಟ್ಟಿಲ್ಲವೇ ಅಂತಲೂ ಕೇಳಿದೆ. ಅಪ್ಪ ಒಂದೇ ಮಾತು ಕೇಳಿದರು: 'ಆ ಪ್ಯಾಕೆಟ್ಟಿನೊಳಗೆ ಏನಿದೆ ಅಂತ ಕೊಳ್ಳೋ ಮೊದಲು ನಿನಗೆ ಗೊತ್ತಿರುತ್ತೇನೋ?'

ಉತ್ತರ ಇರಲಿಲ್ಲ. ಆಟ ಜೂಜಲ್ಲ, ನಿಜ. ಆದರೆ ಪ್ಯಾಕ್ ಹರಿಯುವ ಆಸೆ ಲಾಟರಿಯ ತಮ್ಮನೇ. ಈ ಸಲ ಬಂದೇ ಬರುತ್ತೆ, ಇನ್ನೊಂದೇ ಒಂದು. ಹೀಗೆ ಹರಿದ ಪ್ಯಾಕ್‌ಗಳಿಂದ ಡೆಕ್‌ಗೆ ಬೇಕಾದ ನಾಲ್ಕು ಕಾರ್ಡೂ ಕೂಡಿಬರಲಿಲ್ಲ.

ಡೆಕ್ ಕಟ್ಟಬೇಕೆಂದಿದ್ದರೆ ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಳ್ಳಿ, ಇಲ್ಲವೇ ಆಟಗಾರರ ಜೊತೆ ಬದಲಾಯಿಸಿಕೊಳ್ಳಿ. ಇನ್ನೂ ಒಂದು ಗುಟ್ಟಿದೆ. ಒಂದೇ ಕಾರ್ಡು ಸಾದಾ ಚಿತ್ರದಲ್ಲೂ ಬರುತ್ತದೆ, ಅಪರೂಪದ ಚಿತ್ರದಲ್ಲೂ ಬರುತ್ತದೆ. ಬೆಲೆಯಲ್ಲಿ ಅಜಗಜಾಂತರ, ಆಟದಲ್ಲಿ ಎರಡೂ ಒಂದೇ. ಸಂಗ್ರಹಕಾರರಿಗೆ ಚಿತ್ರ ಮುಖ್ಯ, ಆಟಗಾರರಿಗೆ ಕೆಳಗೆ ಬರೆದಿರುವ ಸಾಲು ಮುಖ್ಯ. ಫ್ಯಾನ್ಸಿ ಸ್ಟೋರುಗಳಲ್ಲಿ ಚಿನ್ನದ ಬಣ್ಣದಲ್ಲಿ ಹೊಳೆಯುವ ಅಗ್ಗದ ಕಾರ್ಡುಗಳು ನಕಲಿ, ಟೂರ್ನಿಗೆ ನಡೆಯುವುದಿಲ್ಲ.

ಕೊಳ್ಳುವ ಮೊದಲು ಕಾರ್ಡಿನ ಕೆಳಗಿನ ಎಡ ಮೂಲೆಯ ಸಣ್ಣ ಇಂಗ್ಲಿಷ್ ಅಕ್ಷರವನ್ನೂ ನೋಡಿ. ಸ್ಟ್ಯಾಂಡರ್ಡ್ ಎಂಬ ಮುಖ್ಯ ಮಾದರಿಯಲ್ಲಿ ಹಳೆಯ ಅಕ್ಷರದ ಕಾರ್ಡುಗಳು ಕಾಲಕಾಲಕ್ಕೆ ಹೊರಬೀಳುತ್ತವೆ. 2025ರ ಏಪ್ರಿಲ್‌ನಲ್ಲಿ 'ಎಫ್' ಅಕ್ಷರದವು ಹೋದವು. ಈ ಆಟದ ಬಗ್ಗೆ ನನ್ನ ದೊಡ್ಡ ಅಸಮಾಧಾನವೂ ಇದೇ. ಕಷ್ಟಪಟ್ಟು ಕಟ್ಟಿದ ಡೆಕ್ಕು ಕ್ಯಾಲೆಂಡರ್ ತಿರುಗಿದರೆ ಹಳತಾಗುತ್ತದೆ. ಆಟ ಹೊಸದಾಗಿರಲು ಅದು ಬೇಕು ಅನ್ನುವ ವಾದದಲ್ಲಿ ಹುರುಳಿದೆ, ಆದರೆ ಜೇಬು ಸಣ್ಣದಿರುವವರು ಇದನ್ನು ತಿಳಿದೇ ಕೈ ಹಾಕಬೇಕು.

ನಕಲು ಮಾಡಿದರೆ ತಪ್ಪೇ?

'ಇಂಟರ್‌ನೆಟ್ಟಿನಿಂದ ಡೆಕ್ ನಕಲು ಮಾಡುವವನು ಆಟಗಾರನೇ ಅಲ್ಲ' ಅನ್ನುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ನಾನೂ ಹಾಗೇ ಹೇಳುತ್ತಿದ್ದೆ. ಸ್ವಂತ ಡೆಕ್ಕಿನಲ್ಲಿ ಸೋತರೂ ಒಂದು ಹೆಮ್ಮೆ ಅನ್ನುವ ಜಂಬ.

ನಮ್ಮ ಬೀದಿಯಲ್ಲಿ ಸಂಜೆಯಾದರೆ ಒಂದು ಮನೆಯಿಂದ ಸಂಗೀತ ಪಾಠ ಕೇಳುತ್ತದೆ. ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎನ್ನುತ್ತಾರೆ. ಆಮೇಲೆ ಗೀತೆ, ವರ್ಣ, ಕೃತಿ. ವರ್ಷಗಟ್ಟಲೆ ಬೇರೆಯವರು ಕಟ್ಟಿದ್ದನ್ನೇ ಹಾಡಿದ ಮೇಲೆ ಮನೋಧರ್ಮಕ್ಕೆ ಜಾಗ. 'ಆ ಹುಡುಗಿ ತ್ಯಾಗರಾಜರನ್ನು ನಕಲು ಮಾಡುತ್ತಿದ್ದಾಳೆ' ಅಂತ ಯಾರಾದರೂ ದೂರುತ್ತಾರೆಯೇ? ಡಬ್ಬಿಯ ಡೆಕ್ಕು ನಮ್ಮ ಸರಳೆ ವರಸೆ. ಗೆದ್ದವರ ಡೆಕ್ಕನ್ನು ಹಾಗೆ ಹಾಗೇ ಆಡಿ ನೋಡುವುದು ಕೃತಿ ಕಲಿಯುವ ಹಂತ. ಇದು ಮೂರೇ ಯಾಕೆ, ಅದು ನಾಲ್ಕು ಯಾಕೆ ಅನ್ನುವುದು ಆಡುತ್ತಾ ಆಡುತ್ತಾ ಅರ್ಥವಾಗುತ್ತದೆ. ಅರ್ಥವಾದ ಮೇಲೆ ಬದಲಾಯಿಸಿದರೆ ಅದು ನಿಮ್ಮ ಡೆಕ್ಕು.

ಇದಕ್ಕೆ ದುಡ್ಡೂ ಬೇಕಿಲ್ಲ. ಕಾರ್ಡಿನ ಹೆಸರು, ಕೆಲಸ ಬರೆದ ಚೀಟಿಯನ್ನು ಹಳೆಯ ಎನರ್ಜಿ ಕಾರ್ಡಿನ ಮುಂದಿಟ್ಟು ಕವರಿಗೆ ಹಾಕಿದರೆ ಮನೆಯ ಅಭ್ಯಾಸಕ್ಕೆ ಸಾಕು. ಟೂರ್ನಿಗೆ ಮಾತ್ರ ಅಸಲಿಯೇ ಬೇಕು. ನಾನು ಹೀಗೆ ಚೀಟಿ ಡೆಕ್ಕಿನಲ್ಲಿ ಎರಡು ವಾರ ಆಡಿ, ಇಷ್ಟವಾದ ಮೇಲೆ ಬಿಡಿ ಕಾರ್ಡು ಕೊಂಡೆ. ಹರಿದ ಪ್ಯಾಕ್‌ಗಳ ಅರ್ಧ ದುಡ್ಡೂ ಖರ್ಚಾಗಲಿಲ್ಲ.

ಸೋಲಿನ ನೋಟ್‌ಬುಕ್ಕು

ಡೆಕ್ ಬದಲಾದರೂ ಸೋಲು ನಿಲ್ಲಲಿಲ್ಲ. ಆಗ ಒಂದು 40 ಪುಟದ ನೋಟ್‌ಬುಕ್ ತೆಗೆದುಕೊಂಡೆ. ಪ್ರತಿ ಆಟಕ್ಕೆ ಒಂದೇ ಸಾಲು: ಯಾವ ಡೆಕ್ಕಿನ ಎದುರು, ಯಾಕೆ ಸೋತೆ. 30 ಆಟಗಳಲ್ಲಿ 19 ಸೋಲು. ಅವುಗಳಲ್ಲಿ ನಿಜವಾಗಿ ಕಾರ್ಡು ಬಾರದೆ ಸೋತದ್ದು ಐದು. ಎದುರಾಳಿ ಚೆನ್ನಾಗಿ ಆಡಿದ್ದಕ್ಕೆ ಆರು. ಉಳಿದ ಎಂಟೂ ನನ್ನ ಕೈಯಾರೆ ಮಾಡಿಕೊಂಡದ್ದು.

ಒಂದು ಉದಾಹರಣೆ. 'ಪ್ರೊಫೆಸರ್ಸ್ ರಿಸರ್ಚ್' ಆಡಿದರೆ ಕೈಯಲ್ಲಿರುವುದನ್ನೆಲ್ಲ ಎಸೆದು ಹೊಸ ಏಳು ಕಾರ್ಡು ಎಳೆಯಬೇಕು. 'ಅಲ್ಟ್ರಾ ಬಾಲ್' ಆಡಿದರೆ ಕೈಯ ಎರಡು ಕಾರ್ಡು ಎಸೆದು, ಬೇಕಾದ ಪೋಕೆಮಾನನ್ನು ಡೆಕ್ಕಿನಿಂದ ಆರಿಸಿ ತರಬಹುದು. ಎರಡೂ ಕೈಯಲ್ಲಿದ್ದಾಗ ನಾನು ಆತುರದಲ್ಲಿ ಮೊದಲಿನದನ್ನು ಆಡಿ ಬಾಲನ್ನೂ ಎಸೆದುಬಿಡುತ್ತಿದ್ದೆ. ಮೊದಲು ಬಾಲ್ ಆಡಿದರೆ ಪೋಕೆಮಾನ್ ಕೈಸೇರಿ ಮೇಜಿಗೆ ಬರುತ್ತದೆ. ಡೆಕ್ಕನ್ನು ತೆರೆದು ನೋಡುವ ಅವಕಾಶವೂ ಸಿಗುತ್ತದೆ. ಏನು ಕಾಣುತ್ತಿಲ್ಲವೋ ಅದು ಬಹುಮಾನದಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಪಳಗಿದವರು ಆ ಅರ್ಧ ನಿಮಿಷದಲ್ಲಿ ಇದನ್ನು ಎಣಿಸಿ ಮುಗಿಸುತ್ತಾರೆ. ಕಾರ್ಡು ಅವೇ, ಕ್ರಮ ಬೇರೆ, ಫಲಿತಾಂಶ ಬೇರೆ.

ದುಡ್ಡಿದ್ದವರ ಆಟ ಇದು ಅನ್ನುವ ಮಾತಿನಲ್ಲಿ ಸತ್ಯವಿದೆ. ಆದರೆ ನನ್ನ ಎಂಟು ಸೋಲುಗಳನ್ನು ಯಾವ ದುಡ್ಡೂ ತಪ್ಪಿಸುತ್ತಿರಲಿಲ್ಲ.

ಎಲ್ಲರೂ ಟೂರ್ನಿಗೆ ಹೋಗಲೇಬೇಕೆಂದಿಲ್ಲ. ಡಬ್ಬಿಯ ಡೆಕ್ಕಿನಲ್ಲಿ ತಮ್ಮ ತಂಗಿಯರ ಜೊತೆ ಆಡಿ ನಗುವುದೂ ಪೂರ್ತಿ ಆಟವೇ. ಸ್ಪರ್ಧೆಯ ರುಚಿ ಬೇಕು ಅನ್ನುವವರಿಗೆ ಮಾತ್ರ ನನ್ನ ಸಲಹೆ: ಮೊದಲ ಟೂರ್ನಿಗೆ ಬೇಗ ಹೋಗಿ ಸೋಲಿ. ಡೆಕ್ ಸಂಪೂರ್ಣವಾಗಲಿ ಅಂತ ಕಾಯಬೇಡಿ. ಮನೆಯವರನ್ನು ಗೆಲ್ಲುತ್ತಾ ಕೂತಿದ್ದರೆ ಆ ಹುಡುಗನ ಪ್ರಶ್ನೆ ನನಗೆ ಯಾವತ್ತೂ ಎದುರಾಗುತ್ತಿರಲಿಲ್ಲ.

ಆ ಪ್ರಶ್ನೆ ಕಾರ್ಡುಗಳಿಗಷ್ಟೇ ನಿಲ್ಲಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಒಂದು ರಾತ್ರಿ ನನ್ನ ಟೇಬಲ್ ನೋಡಿದೆ. ಬ್ಯಾಂಕ್ ಪರೀಕ್ಷೆಯ ಒಂದು ಪುಸ್ತಕ, ಕೆಪಿಎಸ್‌ಸಿಯ ಒಂದು, ಅರ್ಧಕ್ಕೆ ಬಿಟ್ಟ ಒಂದು ಡೇಟಾ ಅನಾಲಿಟಿಕ್ಸ್ ಕೋರ್ಸು, ಟ್ಯಾಲಿಯ ಒಂದು ಸರ್ಟಿಫಿಕೇಟು. ಎಲ್ಲಾ ಒಂದೊಂದೇ. ಯಾವುದನ್ನು ತೆಗೆಯುವುದು ಅಂತ ನಿರ್ಧರಿಸಲು ಚಾರಿಜಾರ್ಡ್ ತೆಗೆದದ್ದಕ್ಕಿಂತ ಹೆಚ್ಚು ದಿನ ಬೇಕಾಯಿತು. ಈಗ ಬ್ಯಾಂಕ್ ಪರೀಕ್ಷೆ ಒಂದೇ. ಮಾಕ್ ಟೆಸ್ಟ್ ತಪ್ಪುಗಳಿಗೂ ಒಂದು ನೋಟ್‌ಬುಕ್ ಇದೆ. ಕೆಲಸ ಇನ್ನೂ ಸಿಕ್ಕಿಲ್ಲ, ಸಿಕ್ಕಿತು ಅಂತ ಬರೆದು ಲೇಖನಕ್ಕೆ ಚೆಂದದ ಅಂತ್ಯ ಕೊಡಲಾರೆ.

ಕಳೆದ ತಿಂಗಳು ಮತ್ತೆ ಅದೇ ಅಂಗಡಿಗೆ ಹೋಗಿದ್ದೆ. ಎರಡು ಗೆಲುವು, ಎರಡು ಸೋಲು. ಒಂದು ಸೋಲು ಅದೇ ಹುಡುಗನ ಕೈಯಲ್ಲಿ. ಆಟ ಮುಗಿದ ಮೇಲೆ ನನ್ನ ಡೆಕ್ಕನ್ನು ಮತ್ತೆ ತಿರುವಿಹಾಕಿದ. 'ಪರವಾಗಿಲ್ಲ ಅಣ್ಣಾ,' ಅಂದ. ಮನೆಗೆ ಬಂದು ಅಪ್ಪನಿಗೆ ಅದನ್ನೇ ಹೇಳಿದೆ. 'ಎಷ್ಟು ಪ್ಯಾಕೆಟ್ ಕೊಂಡೆ?' ಅಂದರು. ಒಂದೂ ಇಲ್ಲ ಅಂದೆ. ಪೇಪರಿನಿಂದ ತಲೆ ಎತ್ತಿ, 'ಹಾಗಾದ್ರೆ ಅದನ್ನ ಹೇಗೆ ಆಡೋದು ಅಂತ ತೋರಿಸು ನೋಡೋಣ' ಅಂದರು.

ಅವರಿಗೆ ಡಬ್ಬಿಯ ಡೆಕ್ಕನ್ನೇ ಕೊಟ್ಟೆ.